ಲಿಯೋಟಾಳ ಕೋಟು

ನಮ್ಮ ಜಿಲ್ಲೆಯ ಮೇಳದ ಮೈದಾನದಲ್ಲಿ ದನ, ಹಂದಿಗಳನ್ನು ಪ್ರದರ್ಶನಕ್ಕೆ ಕಟ್ಟುವ ಉದ್ದನೆಯ ಕಟ್ಟಡವೊಂದಿದೆ. ವರ್ಷಕ್ಕೆ ಎರಡು ಸಲ ಅದನ್ನು ತೊಳೆದು, ಸಾಲಾಗಿ ಮೇಜು ಹಾಕಿ, ಹಳೆಯ ಸೈನ್ಯದ ಸಾಮಾನು ಕೊಳ್ಳುವವರೂ ಮಾರುವವರೂ ಸೇರುತ್ತೇವೆ. ಎಷ್ಟು ತೊಳೆದರೂ ಹಂದಿಯ ವಾಸನೆ ಹೋಗುವುದಿಲ್ಲ. ಒಹಾಯೋದ ಈ ಕಡೆಯವರು ಅದನ್ನು ವಾಸನೆ ಎಂದು ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ. ಲೋವೆಲ್ ರಪ್ ನನ್ನ ಮೇಜಿನ ಮುಂದೆ ಬಂದು ನಿಂತದ್ದು ಅಲ್ಲಿಯೇ, ತೊಂಬತ್ತೊಂದನೆಯ ಇಸವಿಯ ಏಪ್ರಿಲ್‌ನಲ್ಲಿ.

ನನ್ನದು ಬಟ್ಟೆ, ದಾರ, ಗುಂಡಿಗಳ ಅಂಗಡಿ. ಗಂಡ ಹೋದ ಮೇಲೆ ಭಾನುವಾರಗಳನ್ನು ಕಳೆಯಲಾರದೆ ಒಮ್ಮೆ ಈ ಸಂತೆಗೆ ಬಂದವಳು ಇಲ್ಲಿಯೇ ಅಂಟಿಕೊಂಡೆ. ಗಂಡಸರೆಲ್ಲ ಹೆಲ್ಮೆಟ್ಟು, ಬಾಕು, ಪ್ಯಾರಾಚೂಟಿನವರ ಬೂಟುಗಳಿಗೆ ಮುಗಿಬೀಳುತ್ತಿದ್ದರು. ನರ್ಸುಗಳ, ಸೈನ್ಯದ ಹೆಂಗಸರ ಸಮವಸ್ತ್ರಗಳು ರಟ್ಟಿನ ಪೆಟ್ಟಿಗೆಯಲ್ಲಿ ಮುದುರಿಕೊಂಡು ಮೇಜಿನಡಿ ಬಿದ್ದಿರುತ್ತಿದ್ದವು. ಅಂಥ ಒಳ್ಳೆಯ ಉಣ್ಣೆ, ಅಂಥ ಹೊಲಿಗೆ! ಬಟ್ಟೆ ಬಲ್ಲವಳಾದ ನನಗೆ ಸಹಿಸಲಾಗಲಿಲ್ಲ. ಒಂದು ಕೊಂಡೆ, ಇನ್ನೊಂದು ಕೊಂಡೆ, ಆಮೇಲೆ ಅವುಗಳ ಬಿಲ್ಲೆ, ರಿಬ್ಬನ್ನು, ತೋಳಿನ ಗುರುತುಗಳನ್ನು ಓದುವುದು ಕಲಿತೆ. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಎಲ್ಲಿ ಹೆಂಗಸರ ಸಮವಸ್ತ್ರ ಕಂಡರೂ "ವರ್ನಾ ಕೆಸ್ಲರ್‌ನ ಕೇಳಿ" ಅನ್ನುವಂತಾಗಿತ್ತು.

ಪಕ್ಕದ ಮೇಜು ಗಸ್ ನೊವಾಕ್‌ನದು. ಟೊಲೀಡೊದ ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಹೆಲ್ಮೆಟ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

"ಏನ್ ವರ್ನಾ, ನಿನ್ ಹೆಣ್ಮಕ್ಕಳಿಗೆ ಇವತ್ತಾದ್ರೂ ಗಂಡು ಸಿಕ್ತಾ?" ಅಂದ, ಹ್ಯಾಂಗರಿನಲ್ಲಿ ತೂಗುತ್ತಿದ್ದ ನನ್ನ ಕೋಟುಗಳತ್ತ ನೋಡಿ.

"ಸಿಗ್ತಾರೆ ಬಿಡು. ನಿನ್ನ ತೂತು ಹೆಲ್ಮೆಟ್ ಹಾಕ್ಕೊಂಡು ಬರದಿದ್ರೆ ಸಾಕು."

ಆಗಲೇ ಲೋವೆಲ್ ಬಂದ. ಐವತ್ತರ ಆಸುಪಾಸು, ಎತ್ತರದ ಆಳು, ಭುಜ ಸ್ವಲ್ಪ ಮುಂದಕ್ಕೆ ಬಾಗಿದೆ. ಹಾರ್ಲನ್ ಕ್ರೀಕಿನ ಧಾನ್ಯದ ಉಗ್ರಾಣದಲ್ಲಿ ಮೇಲ್ವಿಚಾರಕ ಎಂದು ಆಮೇಲೆ ತಿಳಿಯಿತು. ಲಾಂಡ್ರಿಯ ಪ್ಲಾಸ್ಟಿಕ್ ಹೊದಿಸಿದ ಕೋಟೊಂದನ್ನು ಎರಡೂ ಕೈಗಳ ಮೇಲೆ ಅಡ್ಡಲಾಗಿ ಹಿಡಿದಿದ್ದ.

"ಮೇಡಂ, ನರ್ಸುಗಳ ಯೂನಿಫಾರ್ಮ್ ಬಗ್ಗೆ ನಿಮಗೆ ಗೊತ್ತು ಅಂದ್ರು. ಇದು ನಮ್ಮಮ್ಮಂದು. ಮಾರಕ್ಕಲ್ಲ."

"ಮಾರೋಕಲ್ಲ ಅಂದ್ರೆ ಇನ್ನೂ ಖುಷಿ. ಇಡಿ ಇಲ್ಲಿ."

ಪ್ಲಾಸ್ಟಿಕ್ ತೆಗೆದೆ. ಪಾಚಿ ಬಣ್ಣದ ಉಣ್ಣೆಯ ಕೋಟು, ನುಸಿ ತಾಗಿಲ್ಲ. ಕಾಲರಿನ ಮೇಲೆ ರೆಕ್ಕೆಯ ಕೋಲಿಗೆ ಹಾವು ಸುತ್ತಿದ ಹಿತ್ತಾಳೆಯ ಬಿಲ್ಲೆ, ನಡುವೆ ನರ್ಸುಗಳ ಎನ್ ಅಕ್ಷರ. ಒಳಗಿನ ಅಸ್ತರಿನಲ್ಲಿ ಮಸಿಯಲ್ಲಿ ಬರೆದ ಹೆಸರು: ಎಲ್. ರಪ್.

"ಲಿಯೋಟಾ ರಪ್," ಅಂದ ಅವನು. "ಲೆಫ್ಟಿನೆಂಟ್. ಬೆಲ್ಜಿಯಮ್ಮಲ್ಲಿ ಆಸ್ಪತ್ರೆ ಡೇರೆ ಮೇಲೆ ಬಾಂಬ್ ಬಿದ್ದು ಹೋದ್ಲು. ನಲವತ್ತೈದನೇ ಇಸವಿ ಫೆಬ್ರವರಿ. ನನಗಾಗ ಮೂರು ವರ್ಷ ತುಂಬಿರಲಿಲ್ಲ. ಅಜ್ಜಿ ಸಾಕಿದ್ಲು."

ಊರಿನ ಲೈಬ್ರರಿಯ ಮುಂದೆ ಯುದ್ಧದಲ್ಲಿ ಸತ್ತವರ ಹೆಸರುಗಳ ಕಲ್ಲೊಂದಿದೆಯಂತೆ. ಅದರಲ್ಲಿ ಅವನ ತಾಯಿಯ ಹೆಸರಿಲ್ಲ. ಅಜ್ಜಿ ಹಲ್ಡಾ ಬದುಕಿರುವ ತನಕ ಒಪ್ಪಲಿಲ್ಲ. ದಾರಿಯಲ್ಲಿ ಹೋಗುವಾಗೆಲ್ಲ ಆ ಹೆಸರು ನೋಡಲು ತನ್ನಿಂದಾಗದು ಎನ್ನುತ್ತಿದ್ದಳಂತೆ. ಆಕೆ ಹೋಗಿ ಎರಡು ವರ್ಷವಾಯಿತು. ಈಗ ಲೋವೆಲ್ ಓಡಾಡಿ ಊರಿನ ಸಮಿತಿಯನ್ನು ಒಪ್ಪಿಸಿದ್ದ. ಮೇ ಕೊನೆಯ ಹುತಾತ್ಮರ ದಿನದಂದು ಹೊಸದಾಗಿ ಕೆತ್ತಿದ ಹೆಸರನ್ನು ಅನಾವರಣ ಮಾಡುವುದು, ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಲೈಬ್ರರಿಯೊಳಗೆ ಇಡುವುದು ಎಂದು ನಿಶ್ಚಯವಾಗಿತ್ತು.

"ಇದರ ಮೇಲಿರೋ ಒಂದೊಂದೂ ಏನು ಅಂತ ಬರ್ಸಬೇಕು. ಶಾಲೆ ಮಕ್ಕಳು ಬಂದು ಓದ್ತಾರಲ್ಲ. ತಪ್ಪಿರಬಾರ್ದು," ಅಂದ.

ನಾನು ಎಡತೋಳನ್ನು ಬೆಳಕಿಗೆ ತಿರುಗಿಸಿದೆ. ಮಣಿಕಟ್ಟಿನ ಮೇಲೆ ಹೊಂಬಣ್ಣದ ಸಣ್ಣ ಪಟ್ಟಿಗಳು ಒಂದರ ಮೇಲೊಂದು. ಒಟ್ಟು ಆರು. ಭುಜದ ಮೇಲೆ ಜೋಡಿ ಬೆಳ್ಳಿ ಪಟ್ಟಿ. ಅದು ಲೆಫ್ಟಿನೆಂಟಿನದಲ್ಲ, ಕ್ಯಾಪ್ಟನ್‌ನದು. ಎದೆಯ ಮೇಲಿನ ರಿಬ್ಬನ್ನುಗಳನ್ನು ನೋಡಿದೆ. ಕಂದು, ಹಸಿರಿನದು ಯುರೋಪಿನದು. ಅದರ ಪಕ್ಕದಲ್ಲಿ ತಿಳಿನೀಲಿಯದೊಂದು, ನಡುವೆ ಬಿಳಿಯ ಗೆರೆ.

ಕೋಟನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದೆ.

"ಅಮ್ಮ ತೀರ್ಕೊಂಡಿದ್ದು ಯಾವಾಗ ಅಂದ್ರಿ?" ಎಂದು ಮತ್ತೆ ಕೇಳಿದೆ.

"ನಲವತ್ತೈದು. ಯಾಕೆ?"

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ, ಗಾಜಿನ ಪೆಟ್ಟಿಗೆಯೊಳಗೆ ಕೋಟು ಇಡುತ್ತಾರೆ. ಗೊತ್ತಿರುವ ಯಾರಾದರೊಬ್ಬ ಸೈನಿಕ ಬಂದು ಮಕ್ಕಳೆದುರೇ ನಗುತ್ತಾನೆ. ಅವನನ್ನು ಮೇಜಿನ ಹಿಂದಕ್ಕೆ ಕರೆದು ಮಡಚುವ ಕುರ್ಚಿಯಲ್ಲಿ ಕೂರಿಸಿದೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ.

"ಈ ಹೊಂಬಣ್ಣದ ಪಟ್ಟಿ ಇದಾವಲ್ಲ, ಒಂದೊಂದು ಅಂದ್ರೆ ಸಮುದ್ರದಾಚೆ ಆರಾರು ತಿಂಗಳು ಕೆಲಸ ಮಾಡಿದ ಲೆಕ್ಕ."

ಅವನು ಬೆರಳಿಟ್ಟು ಎಣಿಸಿದ. "ಮೂರು ವರ್ಷಾನಾ? ಅವಳು ಹಡಗು ಹತ್ತಿ ಒಂದು ವರ್ಷಾನೂ ಆಗಿರ್ಲಿಲ್ಲ."

"ಹ್ಞೂಂ. ಈ ನೀಲಿ ರಿಬ್ಬನ್ ಕೊರಿಯಾದ್ದು."

"ಕೊರಿಯಾ ಅಂದ್ರೆ?"

"ಕೊರಿಯಾ ಯುದ್ಧದ್ದು, ಲೋವೆಲ್. ಐವತ್ತನೇ ಇಸವಿಗಿಂತ ಮುಂಚೆ ಈ ರಿಬ್ಬನ್ನೇ ಇರ್ಲಿಲ್ಲ."

ಅವನು ನನ್ನ ಮುಖ ನೋಡಲಿಲ್ಲ. ಕೋಟನ್ನೇ ನೋಡುತ್ತಿದ್ದ. "ಯಾರೋ ಆಮೇಲೆ ಸಿಕ್ಸಿದಾರೆ. ಅಜ್ಜಿಗೆ ಯಾರೋ ಕೊಟ್ಟಿರ್ತಾರೆ, ಚೆಂದ ಕಾಣ್ಲಿ ಅಂತ ಹೊಲಿದಿರ್ತಾಳೆ."

"ಹಾಗೇ ಆಗಿರ್ಲಿ ಅಂತ ನಾನೂ ನೋಡ್ದೆ," ಅಂದೆ. ನಿಜಕ್ಕೂ ನೋಡಿದ್ದೆ. ರಿಬ್ಬನ್ನಿನ ಅಂಚನ್ನು ಉಗುರಿನಿಂದ ಎತ್ತಿ ತೋರಿಸಿದೆ. ಕೆಳಗಿನ ಉಣ್ಣೆ ಹೊಸದರಂತೆ ಕಡುಬಣ್ಣವಾಗಿತ್ತು, ಸುತ್ತಲಿನದು ಬಿಸಿಲಿಗೆ ಮಾಸಿತ್ತು. ಕೋಟು ತೊಟ್ಟವಳು ಈ ರಿಬ್ಬನ್ ಹಚ್ಚಿಕೊಂಡೇ ಬಿಸಿಲಲ್ಲಿ ತಿರುಗಾಡಿದ್ದಳು. ರಿಬ್ಬನ್ನಿನದೂ ತೋಳಿನ ಪಟ್ಟಿಯದೂ ಒಂದೇ ದಾರ, ಒಂದೇ ಕೈಯ ಹೊಲಿಗೆ.

ಅವನು ಎದ್ದು ನಿಂತ. ಕಾಫಿ ಕುಡಿದಿರಲಿಲ್ಲ.

"ನೀವು ಗುಂಡಿ ಮಾರೋರಲ್ವಾ? ಮಾರ್ಕೊಂಡಿರಿ," ಎಂದು ಕೋಟನ್ನು ಎತ್ತಿಕೊಂಡು ಹೊರಟುಹೋದ. ಪ್ಲಾಸ್ಟಿಕ್ ನನ್ನ ಮೇಜಿನ ಮೇಲೆಯೇ ಉಳಿಯಿತು.

ಗಸ್ ಹೆಲ್ಮೆಟ್ ಒರೆಸುವುದನ್ನು ನಿಲ್ಲಿಸಿದ್ದ. "ಏನ್ ಮಾಡ್ದೆ ಅವನಿಗೆ?"

"ಕೋಟಲ್ಲಿ ಇದ್ದಿದ್ದು ಓದ್ದೆ."

"ಅದಕ್ಕೇ ನಾನು ಹೆಲ್ಮೆಟ್ ಇಟ್ಕೊಂಡಿರೋದು. ಇಲ್ಲಿಗೆ ಯಾರೂ ಅಮ್ಮನ್ನ ಹುಡುಕ್ಕೊಂಡು ಬರಲ್ಲ."

ಎರಡು ವಾರ ಕಳೆದ ಮೇಲೆ ಅವನು ಹೆಂಡತಿ ನೆಡೀನ್ ಜತೆ ನನ್ನ ಅಂಗಡಿಗೆ ಬಂದ. ಆಕೆ ಶಾಲೆಯ ಬಸ್ ಓಡಿಸುವವಳು, ದುಂಡುಮುಖದ ಗಟ್ಟಿ ಹೆಂಗಸು. ಒಳಗೆ ಬರುತ್ತಿದ್ದಂತೆಯೇ ಗಂಡನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು.

"ಹೇಳು, ಮೊದ್ಲು ಅದನ್ನ ಹೇಳು."

"ಆವತ್ತು ನಾನು ಹಾಗೆ ಮಾತಾಡಬಾರ್ದಿತ್ತು," ಅಂದ ಅವನು.

"ಆಯ್ತು ಬಿಡಿ. ನಾನು ಗುಂಡಿ ಮಾರೋಳು ಹೌದಲ್ಲ."

ಅವನಿಗೆ ನಗು ಬರಲಿಲ್ಲ. ಕತ್ತರಿಸುವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಎರಡು ವಾರ ನಿದ್ದೆಯಿಲ್ಲದೆ ನೆನಪು ಮಾಡಿಕೊಂಡದ್ದನ್ನು ಹೇಳಿದ. ಹತ್ತು ವರ್ಷದವನಿದ್ದಾಗ ಜೋಳದ ಕಣಜದ ಮೇಲಿಂದ ಬಿದ್ದು ಕೈ ಮುರಿದುಕೊಂಡಿದ್ದ. ಆಗ ಒಬ್ಬ ಹೆಂಗಸು ಮನೆಗೆ ಬಂದಿದ್ದಳು. ನಿನ್ನ ಅಮ್ಮನ ಜತೆ ಸೈನ್ಯದಲ್ಲಿ ನರ್ಸಾಗಿದ್ದವರು ಎಂದಿದ್ದಳು ಅಜ್ಜಿ. ಕೆಲವು ದಿನ ಇದ್ದು, ಅವನಿಗೆ ಸ್ನಾನ ಮಾಡಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ ತಿನ್ನಿಸಿ ಹೋಗಿದ್ದಳು.

"ಕೋಟು ಅದಕ್ಕೂ ಮುಂಚೆ ನಮ್ಮನೇಲಿ ಇರ್ಲೇ ಇಲ್ಲ," ಅಂದ. "ಸೈನ್ಯದೋರು ಕಳ್ಸಿದ್ದು, ಟ್ರಂಕಲ್ಲಿತ್ತು ಅಂತ ಅಜ್ಜಿ ಹೇಳ್ತಿದ್ಲು. ಆ ಟ್ರಂಕಲ್ಲಿ ನಾನು ದಿನಾ ಬಚ್ಚಿಟ್ಕೋತಿದ್ದೆ, ವರ್ನಾ. ಅದರಲ್ಲಿ ಏನೂ ಇರ್ಲಿಲ್ಲ."

ನೆಡೀನ್ ಮುಖ ತಿರುಗಿಸಿಕೊಂಡಳು.

"ಆವತ್ತು ಬಂದಿದ್ದೋಳು ಅವಳೇ. ಆಮೇಲೆ ಕೊರಿಯಾದಲ್ಲೇ ಸತ್ಲೇನೋ," ಅಂದ ಅವನು. "ಅಲ್ಲಿಗೆ ವಾಪಸ್ ಹೋಗಿ ಸತ್ತಿದ್ರೆ, ಕಲ್ಲಿನ ಮೇಲೆ ಇಸವಿ ಒಂದು ಬದ್ಲಾಯಿಸಿದ್ರೆ ಸಾಕು."

ಅವನು ಅದನ್ನು ಬಯಸುತ್ತಿದ್ದ. ನನಗೆ ಅದನ್ನು ಕೇಳಿಕೊಂಡು ಕೂರಲಾಗಲಿಲ್ಲ. ನಿವೃತ್ತ ನರ್ಸುಗಳ ಸಂಘದ ಮ್ಯಾಜ್ ಎಂಬಾಕೆ ಇಂಡಿಯಾನಾಪೊಲಿಸಿನಲ್ಲಿದ್ದಳು; ಗುರುತು ಸಿಗದ ಬಿಲ್ಲೆಗಳ ಬಗ್ಗೆ ಆಗಾಗ ಕೇಳುತ್ತಿದ್ದೆ. ಅವರಿಬ್ಬರೂ ಕೂತಿರುವಾಗಲೇ ಫೋನ್ ಮಾಡಿದೆ.

"ಲಿಯೋಟಾ ರಪ್?" ಅಂದಳು ಮ್ಯಾಜ್. "ಕರ್ನಲ್ ರಪ್ಪಾ? ಯಾಕೆ, ಏನಾಯ್ತು ಅವಳಿಗೆ? ಕ್ರಿಸ್‌ಮಸ್ಸಿಗೆ ಕಾರ್ಡ್ ಕಳ್ಸಿದ್ಲಲ್ಲ!"

ನನ್ನ ಮುಖ ನೋಡಿಯೇ ನೆಡೀನ್‌ಗೆ ಗೊತ್ತಾಯಿತು. ಆಕೆ ಅತ್ತಳು. ಲೋವೆಲ್ ಅಳಲಿಲ್ಲ. ಮೇಜಿನ ಮೇಲಿದ್ದ ಅಳತೆಯ ಟೇಪನ್ನು ಸುರುಳಿ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಕೂತಿದ್ದ.

"ಎಲ್ಲಿದಾಳಂತೆ?"

"ಟೆಕ್ಸಾಸಲ್ಲಿ. ಸ್ಯಾನ್ ಆಂಟೋನಿಯೋ."

ಮರುದಿನವೇ ಅವನು ಸಮಿತಿಗೆ ಹೋಗಿ ಹೆಸರು ಕೆತ್ತಿಸುವುದು ಬೇಡ ಎಂದು ಬಂದ. ಕಾರಣ ಕೇಳಿದರೆ, ದಾಖಲೆ ಸರಿಯಿಲ್ಲ, ನಮ್ಮದೇ ತಪ್ಪು ಎಂದಷ್ಟೇ ಹೇಳಿದನಂತೆ. ಇಷ್ಟು ದಿನ ಕಾಡಿ ಬೇಡಿ ಕೊನೆಗೆ ಹಿಂದೆಗೆದ ಎಂದು ಊರವರು ಆಡಿಕೊಂಡರು. ಅಜ್ಜಿಯ ಬಗ್ಗೆ ಯಾರೂ ಕೆಟ್ಟ ಮಾತು ಆಡದಿದ್ದರೆ ಸಾಕಿತ್ತು ಅವನಿಗೆ.

ಟೆಕ್ಸಾಸಿಗೆ ಫೋನ್ ಮಾಡಲು ಅವನಿಂದ ಆಗಲಿಲ್ಲ. ಎರಡು ಸಲ ನಂಬರು ತಿರುಗಿಸಿ ಇಟ್ಟುಬಿಟ್ಟನೆಂದು ನೆಡೀನ್ ಹೇಳಿದಳು. ಕೊನೆಗೆ ನಾನೇ ಮಾಡಿದೆ. ನಾನೊಬ್ಬಳು ಸಂಗ್ರಹಕಾರ್ತಿ, ನಿಮ್ಮ ಹೆಸರಿನ ಒಂದು ಕೋಟು ನೋಡಿದೆ ಎಂದು ಶುರುಮಾಡಿದೆ. ಆ ಕಡೆಯ ಧ್ವನಿ ಒಣಗಿತ್ತು, ಚುರುಕಾಗಿತ್ತು.

"ಕ್ಯಾಪ್ಟನ್ ಪಟ್ಟಿ ಇದೆಯಾ? ಆರು ಬಾರ್? ಹಾಗಾದ್ರೆ ನಂದೇ. ಅದು ನಿಮಗೆ ಎಲ್ಲಿ ಸಿಕ್ತು?"

"ಒಹಾಯೋದಲ್ಲಿ. ನಿಮ್ಮ ಮಗನ ಹತ್ರ."

ಫೋನ್ ಕಡಿದುಹೋಯಿತೆಂದೇ ಅಂದುಕೊಂಡೆ.

"ನನಗೆ ಮಗ ಇಲ್ಲ, ಮಿಸೆಸ್ ಕೆಸ್ಲರ್," ಅಂದಳು ಆಮೇಲೆ. "ಸೈನ್ಯಕ್ಕೆ ಹಾಗಂತ ಬರ್ಕೊಟ್ಟಿದೀನಿ." ಆಮೇಲೆ ವಿಳಾಸ ಬರೆಸಿ, "ಅವನು ಬರ್ತೀನಂದ್ರೆ ಬರ್ಲಿ. ನಾನು ಅಲ್ಲಿಗೆ ಬರಲ್ಲ," ಎಂದಳು.

ನೆಡೀನ್‌ಗೆ ಶಾಲೆಯ ಬಸ್ಸು ಬಿಟ್ಟು ಬರುವಂತಿರಲಿಲ್ಲ. ಲೋವೆಲ್ ನನ್ನನ್ನು ಕರೆದ. "ನಾವಿಬ್ರೇ ಕೂತ್ರೆ ಮಾತು ಹೊರಡಲ್ಲ ವರ್ನಾ. ಕೋಟಿನ ಬಗ್ಗೆ ಮಾತಾಡೋಕಾದ್ರೂ ಒಬ್ರು ಬೇಕು," ಎಂದ. ಹೋಗು ಎಂದು ನೆಡೀನ್ ಕೂಡ ನನ್ನ ಕೈ ಹಿಡಿದಳು. ಅವನ ಪಿಕಪ್ಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ ವಿಷಯ: ಕೋಟನ್ನು ಯಾಕೆ ಬಿಟ್ಟುಹೋದಳು?

"ನನಗೋಸ್ಕರ ಅಂತ ಬಿಟ್ಟಿರಬಹುದಲ್ವಾ?"

"ಅವರನ್ನೇ ಕೇಳಿ," ಅಂದೆ. ಆಕೆ ಕೋಟು ಬಿಟ್ಟುಹೋದ ಹೊತ್ತಿಗೆ ಸೈನ್ಯದ ಹೆಂಗಸರಿಗೆ ಹೊಸ ಬಣ್ಣದ ಸಮವಸ್ತ್ರ ಬಂದಿತ್ತು, ಪಾಚಿ ಬಣ್ಣದ್ದು ಯಾರಿಗೂ ಬೇಡವಾಗಿತ್ತು ಎಂಬುದು ನನಗೆ ಗೊತ್ತಿತ್ತು. ಕಸದ ಪೆಟ್ಟಿಗೆಗಳಲ್ಲಿ ಸಿಕ್ಕ ಅಂಥ ಕೋಟುಗಳನ್ನು ನಾನೇ ಕೊಂಡಿದ್ದೆ. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಸಣ್ಣ ಮನೆ, ಅಚ್ಚುಕಟ್ಟಾದ ಅಂಗಳ. ಮುಂದಿನ ಜಗಲಿಯಲ್ಲಿ ಆಕೆ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿಯ ಕೂದಲು ಕಿವಿಯವರೆಗೆ ಕತ್ತರಿಸಿದ್ದು, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಭುಜಗಳು ಲೋವೆಲ್‌ನವೇ, ಆದರೆ ಬಾಗಿರಲಿಲ್ಲ. ಆಕೆ ಕೈ ನೀಡಿದಳು. ಅವನು ಕುಲುಕಿದ. ಅಪರಿಚಿತರು ಕುಲುಕುವಂತೆ ಇಬ್ಬರೂ ಬೇಗ ಬಿಟ್ಟರು.

ಐಸ್ ಹಾಕಿದ ಟೀ ತಂದಿಟ್ಟಳು. ದಾರಿ ಹೇಗಿತ್ತು, ಆರ್ಕನ್ಸಾದಲ್ಲಿ ಮಳೆಯಾ, ಒಹಾಯೋದಲ್ಲಿ ಬಿತ್ತನೆ ಆಯಿತಾ ಎಂದು ಮಾತಾಯಿತು. ಲೋವೆಲ್ ಎದ್ದು ಗಾಡಿಯಿಂದ ಕೋಟು ತಂದು ಆಕೆಯ ತೊಡೆಯ ಮೇಲೆ ಇಟ್ಟ.

ಆಕೆ ಮೊದಲು ಗುಂಡಿಗಳನ್ನು ನೋಡಿದಳು. "ಈ ಗುಂಡಿ ಅಮ್ಮ ಹಾಕಿದ್ದು. ಮೊದ್ಲಿದ್ದಿದ್ದು ಕೊರಿಯಾದಲ್ಲೇ ಬಿದ್ದುಹೋಗಿತ್ತು." ತೋಳಿನ ಪಟ್ಟಿಗಳ ಮೇಲೆ ಹೆಬ್ಬೆರಳು ಎಳೆದಳು. "ಇವು ಇಂಗ್ಲೆಂಡು, ಫ್ರಾನ್ಸು, ಬೆಲ್ಜಿಯಂ. ಇದು ಯುದ್ಧ ಮುಗಿದ್ಮೇಲೆ, ಜರ್ಮನಿ. ಈ ಎರಡು ಕೊರಿಯಾ."

"ಬೆಲ್ಜಿಯಮ್ಮಲ್ಲಿ ಬಾಂಬ್ ಬಿದ್ದಿದ್ದು ನಿಜಾನಾ?" ಎಂದು ಕೇಳಿದ ಲೋವೆಲ್.

"ನಿಜ. ನನ್ನ ಜತೆ ಮಲಗ್ತಿದ್ದೋಳು ಸತ್ಲು. ಅಮ್ಮನಿಗೆ ಅದನ್ನ ಬರ್ದಿದ್ದೆ." ಟೀ ಲೋಟವನ್ನು ಒಂದು ಸುತ್ತು ತಿರುಗಿಸಿದಳು. "ಆ ಸಾವನ್ನ ಅಮ್ಮ ನನಗೆ ಕೊಟ್ಬಿಟ್ಲು."

ನಾನು ಒಳಗೆ ಹೋಗಲು ಎದ್ದೆ. "ಕೂತ್ಕೊಳ್ಳಿ," ಅಂದಳು ಆಕೆ, ಅಪ್ಪಣೆ ಕೊಡುವ ಧ್ವನಿಯಲ್ಲಿ. ಕೂತೆ.

ಲೋವೆಲ್‌ನ ಕಡೆ ನೋಡದೆಯೇ ಹೇಳಿದಳು. ಮದುವೆಯಿಲ್ಲದೆ ಹುಟ್ಟಿದ ಮಗು. ಮಗುವಿನ ತಂದೆ ಯಾರೆಂದೂ ಹೇಳಿದಳು. ಅವನು ಎಂದೋ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಯೇ ಸತ್ತಿದ್ದ. ಚಿಕ್ಕ ಮಕ್ಕಳಿರುವ ಹೆಂಗಸರನ್ನು ಸೈನ್ಯ ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳಿಲ್ಲವೆಂದು ಸಹಿ ಹಾಕಿ ಸೇರಿದ್ದಳು. ಯುದ್ಧ ಮುಗಿದು ಬರುತ್ತೇನೆಂದಾಗ ತಾಯಿ ಹಲ್ಡಾ, ಬರುವುದಾದರೆ ಕೆಲಸ ಬಿಟ್ಟು ತಲೆ ತಗ್ಗಿಸಿಕೊಂಡು ಬಂದು ಮನೆಯಲ್ಲಿರು; ಇಲ್ಲವಾದರೆ ಊರಿಗೆ ನೀನು ಸತ್ತಂತೆಯೇ ಎಂದಳು.

"ನಾನು ತಲೆ ತಗ್ಸೋಕೆ ಆಗಲ್ಲ ಅಂದೆ," ಎಂದಳು ಲಿಯೋಟಾ. "ಆ ಕೆಲಸ ನನಗೆ ಬೇಕಿತ್ತು, ಲೋವೆಲ್. ಅದನ್ನ ನಿನ್ನ ಹತ್ರ ಮುಚ್ಚಿಡಲ್ಲ."

"ನನ್ನ ಕೈ ಮುರಿದಾಗ ಬಂದಿದ್ದು?"

"ಕೊರಿಯಾದಿಂದ ವಾಪಸ್ ಬಂದಿದ್ದೆ. ಅಮ್ಮನ ಕಾಗದ ಸಿಕ್ತು, ಜ್ವರ ಇಳಿತಿಲ್ಲ ಅಂತ. ಸ್ನೇಹಿತೆ ಅಂತ ಹೇಳೋದಾದ್ರೆ ಬಾ ಅಂದಿದ್ಲು. ಬಂದೆ. ಹೋಗೋ ಮುಂಚೆ ನಿನಗೆ ನಿಜ ಹೇಳೇ ಹೋಗ್ತೀನಿ ಅಂತ ಗಟ್ಟಿ ಮಾಡ್ಕೊಂಡೇ ಬಂದಿದ್ದೆ. ಅಮ್ಮ ಕೋಳಿಗೂಡಿಗೆ ಹೋಗಿದ್ಲು. ನಿನ್ನ ಮಂಚದ ಮೇಲೆ ಕೂತೆ. ನೀನೇ ಮೊದ್ಲು ಮಾತಾಡ್ದೆ. ಏನ್ ಕೇಳ್ದೆ ಗೊತ್ತಾ?"

ಲೋವೆಲ್ ತಲೆ ಅಲ್ಲಾಡಿಸಿದ. ಅವನಿಗೆ ನೆನಪಿರಲಿಲ್ಲ.

"'ನಮ್ಮಮ್ಮ ಸಾಯೋವಾಗ ಹೆದರಿದ್ಲಾ?' ಅಂತ ಕೇಳ್ದೆ. ಇಲ್ಲ, ಒಂಚೂರೂ ಹೆದರ್ಲಿಲ್ಲ ಅಂದೆ ನಾನು. ಆಗ ನಿನ್ನ ಮುಖ... ಶಾಲೇಲಿ ಎಲ್ರಿಗೂ ಹೇಳ್ತೀನಿ ಅಂದೆ ನೀನು. ಅಂಥಾ ಅಮ್ಮನ್ನ ಕಿತ್ಕೊಂಡು, ಬಿಟ್ಟುಹೋದ ಅಮ್ಮನ್ನ ಕೊಡ್ಬೇಕಿತ್ತಾ ನಾನು?"

ಬೀದಿಯಲ್ಲಿ ಒಂದು ಕಾರು ಹೋಯಿತು. ಲೋವೆಲ್ ಕೇಳಿದ, "ಆಮೇಲೆ? ನನಗೆ ಹದಿನೆಂಟಾಯ್ತು. ಮದ್ವೆ ಆಯ್ತು. ಮಕ್ಕಳಾದ್ರು. ಆಗ?"

"ಪ್ರತಿಸಲಾನೂ ತಡವಾಯ್ತು ಅನ್ಸ್ತಿತ್ತು. ಆಮೇಲೆ ನಿಜವಾಗ್ಲೂ ತಡವಾಗಿತ್ತು."

"ಮತ್ತೆ ಈ ಕೋಟು?" ಅವನ ಧ್ವನಿ ಹುಡುಗನದಾಗಿತ್ತು. ನಾನು ನೆಲ ನೋಡಿದೆ.

"ನಿನಗೆ ಅಂತ ಬಿಟ್ಟೆ ಅಂದ್ರೆ ಸುಳ್ಳಾಗತ್ತೆ," ಅಂದಳು ಆಕೆ. "ರಾತ್ರಿ ಚಳಿ ಇತ್ತು, ನೀನು ನಡುಗ್ತಿದ್ದೆ. ಕಂಬಳಿ ಮೇಲೆ ಇದನ್ನೂ ಹೊದ್ಸಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಜ್ವರ ಬಿಟ್ಟು ನಿದ್ದೆ ಬಂದಿತ್ತು ನಿನಗೆ. ತೆಗೆದ್ರೆ ಎಚ್ಚರ ಆಗ್ತಿತ್ತು."

ಲೋವೆಲ್ ಜಗಲಿಯ ಕಂಬದ ಬಳಿ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಲಿಯೋಟಾ ಏಳಲು ಹೋದಳು, ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು, ಮತ್ತೆ ಕೂತಳು. ನಲವತ್ತು ವರ್ಷ ಸಾವಿರಾರು ಜನ ಗಾಯಾಳುಗಳನ್ನು ಮುಟ್ಟಿದ ಕೈ ತನ್ನ ಮಗನ ಬೆನ್ನಿನವರೆಗೆ ಹೋಗಲಾರದೇ ಉಳಿಯಿತು. ಅದನ್ನು ನೋಡುತ್ತಾ ಕೂತಿದ್ದೆನಲ್ಲ, ಆ ಜಗಲಿಯಲ್ಲಿ ಆದಷ್ಟು ಸಂಕಟ ನನಗೆ ಬೇರೆಲ್ಲಿಯೂ ಆಗಿಲ್ಲ.

ಒಹಾಯೋಕ್ಕೆ ಒಂದು ಸಲ ಬನ್ನಿ, ಮೊಮ್ಮಕ್ಕಳಿದ್ದಾರೆ ಎಂದು ಅವನು ಕೇಳಿದ. ಆಕೆ ಒಪ್ಪಲಿಲ್ಲ. "ಆ ಊರಲ್ಲಿ ನಾನು ಸತ್ತೋಳು. ನಾನು ಹೋಗಿ ನಿಂತ್ರೆ ಜನ ಅಮ್ಮನ ಗೋರಿ ಮುಂದೆ ನಗ್ತಾರೆ. ಅವಳು ನಿನ್ನ ಸಾಕಿದೋಳು," ಅಂದಳು. ಇಲ್ಲಿಯೂ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಳು. ಸೈನ್ಯಕ್ಕೆ ಸುಳ್ಳು ಹೇಳಿ ಸೇರಿದವಳು ಎಂಬ ಹೆಸರು ಹೊತ್ತು ಸಾಯಲು ಆಕೆಗೆ ಇಷ್ಟವಿರಲಿಲ್ಲ. ಕೋಟನ್ನು ಅವನ ಕೈಗೇ ಮರಳಿಸಿದಳು.

"ನೀನೇ ಇಟ್ಕೋ. ಇಲ್ಲಿದ್ರೆ, ನಾನು ಹೋದ್ಮೇಲೆ ಯಾರೋ ಪೆಟ್ಟಿಗೇಲಿ ತುಂಬಿ ಇವರಂಥೋರಿಗೆ ಮಾರ್ತಾರೆ," ಎಂದು ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಆ ದಿನ ನಕ್ಕದ್ದು ಅದೊಂದೇ ಸಲ.

ಆಮೇಲೆ ಲೋವೆಲ್ ಭಾನುವಾರ ಚರ್ಚಿನಿಂದ ಬಂದ ಮೇಲೆ ಆಕೆಗೆ ಫೋನ್ ಮಾಡತೊಡಗಿದ. ಅವರಿಬ್ಬರೂ ಏನು ಮಾತಾಡುತ್ತಾರೆ ಎಂದು ನೆಡೀನಳನ್ನು ಕೇಳಿದ್ದೆ.

"ಏನಿದೆ? ಮಳೆ, ಜೋಳದ ಬೆಲೆ, ಆಕೆ ಮಂಡಿನೋವು," ಅಂದಳು ನೆಡೀನ್. "ಇನ್ನೂ 'ಕರ್ನಲ್' ಅಂತಾನೇ ಕರೀತಾನೆ. 'ಅಮ್ಮ' ಅನ್ನು ಒಂದ್ಸಲ ಅಂತ ನಾನೂ ಬೈದು ನೋಡ್ದೆ. 'ಬಾಯಿ ತನಕ ಬರತ್ತೆ ನೆಡೀನ್, ಆಮೇಲೆ ಬೆಳೆ ವಿಷಯ ಬಂದ್ಬಿಡತ್ತೆ' ಅಂತಾನೆ."

ತೊಂಬತ್ತನಾಲ್ಕರ ಜನವರಿಯಲ್ಲಿ ಒಂದು ಭಾನುವಾರ ಆ ಕಡೆ ಯಾರೂ ಫೋನ್ ಎತ್ತಲಿಲ್ಲ. ಮರುದಿನ ಮ್ಯಾಜ್ ನನಗೆ ಫೋನ್ ಮಾಡಿ ಲಿಯೋಟಾ ನಿದ್ದೆಯಲ್ಲಿಯೇ ಹೋದಳೆಂದು ತಿಳಿಸಿದಳು. ಲೋವೆಲ್‌ಗೆ ನಾನೇ ಹೇಳಬೇಕಾಯಿತು. ಅವನು ಉಗ್ರಾಣದಲ್ಲಿದ್ದ. ಕೇಳಿಸಿಕೊಂಡು, "ಸರಿ," ಅಂದ. ತೂಕಕ್ಕೆ ನಿಂತಿದ್ದ ಲಾರಿಯನ್ನು ಮುಗಿಸಿ ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನೆಡೀನ್‌ಗೆ ಆಗ ನ್ಯುಮೋನಿಯಾ. ಹೀಗಾಗಿ ಈ ಸಲವೂ ನಾನೇ ಅವನ ಜತೆ ಹೋದೆ. ಸ್ಯಾನ್ ಆಂಟೋನಿಯೋದ ಸೈನಿಕರ ಸ್ಮಶಾನದಲ್ಲಿ ಬಿಳಿಯ ಕಲ್ಲುಗಳ ಸಾಲುಗಳ ನಡುವೆ ಇಪ್ಪತ್ತು ಮೂವತ್ತು ಜನ ಸೇರಿದ್ದರು, ಹೆಚ್ಚಿನವರು ಮುದಿ ನರ್ಸುಗಳು. ಮುಂದಿನ ಸಾಲಿನ ಕುರ್ಚಿಗಳು ಕುಟುಂಬದವರಿಗೆ. ಅಲ್ಲಿ ಬರ್ನೀಸ್ ಎಂಬ ಮುದುಕಿ ಒಬ್ಬಳೇ ಕೂತಿದ್ದಳು. ಕೊರಿಯಾದ ಡೇರೆಯಲ್ಲಿ ಲಿಯೋಟಾಳ ಜತೆಗಿದ್ದವಳು, ಕೊನೆಯವರೆಗೂ ನೆರೆಮನೆಯವಳು. ನಾನು ಲೋವೆಲ್‌ನ ಮೊಣಕೈ ಮುಟ್ಟಿ ಮುಂದಿನ ಸಾಲು ತೋರಿಸಿದೆ. ಅವನು ತಲೆ ಅಲ್ಲಾಡಿಸಿ ಹಿಂದೆಯೇ ನಿಂತ.

ಬಂದೂಕು ಹಾರಿಸಿದರು, ಕಹಳೆ ಊದಿದರು. ಸೈನಿಕರು ಪೆಟ್ಟಿಗೆಯ ಮೇಲಿನ ಬಾವುಟವನ್ನು ತ್ರಿಕೋನವಾಗಿ ಮಡಚಿ ಅಧಿಕಾರಿಯ ಕೈಗೆ ಕೊಟ್ಟರು. ಆತ ಬಾಗಿ, ದೇಶದ ಪರವಾಗಿ ಎಂದು ಹೇಳಿ ಅದನ್ನು ಬರ್ನೀಸಳ ತೊಡೆಯ ಮೇಲಿಟ್ಟ. ಕಾಗದಗಳ ಪ್ರಕಾರ ಕರ್ನಲ್ ರಪ್‌ಗೆ ಯಾರೂ ಇರಲಿಲ್ಲ.

ಎಲ್ಲರೂ ಚದುರುವಾಗ ಬರ್ನೀಸ್ ನಮ್ಮ ಬಳಿ ಬಂದಳು. ಎರಡೂ ಕೈ ಊರಿ ನಡೆಯುವ ವಾಕರ್ ಆಕೆಯದು. ಬಾವುಟವನ್ನು ಕಂಕುಳಲ್ಲಿ ಅವುಚಿಕೊಂಡು ತಡವರಿಸುತ್ತಿದ್ದಳು.

"ನೀವು ಒಹಾಯೋದೋರಲ್ವಾ? ಹಳೇ ಯೂನಿಫಾರ್ಮ್ ಕೂಡಿಹಾಕೋರು? ಭಾನುವಾರ ಫೋನ್ ಮಾಡ್ತಿದ್ದಿದ್ದು ನೀವೇ ತಾನೆ?"

ಲೋವೆಲ್ ಒಂದು ಕ್ಷಣ ನನ್ನನ್ನು ನೋಡಿದ. "ಹೌದು ಮೇಡಂ," ಅಂದ.

"ಆ ಬಿಲ್ಲೆ, ಪಟ್ಟಿಗಳಲ್ಲಿ ಅಷ್ಟು ಮಾತಾಡೋಕೆ ಏನಿದ್ಯೋ, ದೇವರಿಗೇ ಗೊತ್ತು! ಭಾನುವಾರ ಏನೇ ಆದ್ರೂ ನಮ್ಮ ಜತೆ ಊಟಕ್ಕೆ ಬರ್ತಿರ್ಲಿಲ್ಲ. ಒಹಾಯೋದೋನು ಫೋನ್ ಮಾಡ್ತಾನೆ ಅಂತ ಮನೇಲೇ ಕೂತಿರ್ತಿದ್ಲು." ಕಂಕುಳಿನ ಬಾವುಟ ಜಾರಿತು. "ಅಯ್ಯೋ, ಇದನ್ನ ಕಾರಿನ ತನಕ ಸ್ವಲ್ಪ ಹಿಡ್ಕೊಳ್ತೀರಾ?"

ಲೋವೆಲ್ ಟೋಪಿಯನ್ನು ನನ್ನ ಕೈಗೆ ಕೊಟ್ಟ. ಬಾವುಟವನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡ. ಆಕೆ ವಾಕರ್ ಮುಂದಿಟ್ಟು ಒಂದೊಂದೇ ಹೆಜ್ಜೆ ಹಾಕುತ್ತಾ, ಕೊರಿಯಾದ ಚಳಿ, ಅಲ್ಲಿನ ಇಲಿಗಳು, ಲಿಯೋಟಾಳ ಸಿಟ್ಟು ಎಂದು ಹೇಳುತ್ತಾ ನಡೆದಳು. ಅವನು ಆಕೆಗಿಂತಲೂ ನಿಧಾನವಾಗಿ ನಡೆದ. ಕಾರು ಹತ್ತಿರದಲ್ಲಿಯೇ ಇತ್ತು. ಆಕೆ ಬಾಗಿಲು ತೆಗೆದು ಕೂತು ಕೈ ಚಾಚಿದಳು. ಲೋವೆಲ್ ಬಗ್ಗಿ ಬಾವುಟವನ್ನು ಪಕ್ಕದ ಸೀಟಿನ ಮೇಲಿಟ್ಟ. ಒಂದು ಮೂಲೆ ಮಡಿಕೆ ಬಿಟ್ಟಿತ್ತು, ಅದನ್ನು ಒಳಗೆ ಸೇರಿಸಿದ.

"ಒಳ್ಳೇ ಮನುಷ್ಯ ನೀವು," ಎಂದು ಬರ್ನೀಸ್ ಕಾರು ಹೊರಡಿಸಿದಳು.

ಅದು ಗೇಟು ದಾಟಿ ಹೋಗುವ ತನಕ ಅವನು ಅಲ್ಲಿಯೇ ನಿಂತಿದ್ದ. ಆಮೇಲೆ ಜೇಬಿನಿಂದ ಪಿಕಪ್ಪಿನ ಕೀಲಿ ತೆಗೆದು ನನ್ನ ಕೈಗಿಟ್ಟ.

"ಸ್ವಲ್ಪ ದೂರ ನೀವೇ ಓಡಿಸಿ ವರ್ನಾ," ಅಂದ. "ನನಗೆ ರಸ್ತೆ ಕಾಣ್ತಿಲ್ಲ."